ಶ್ರೋತೃವಿಗೆ ತಕ್ಕ ಸ್ಥಾನ

ಸಂಗೀತ ಕಚೇರಿಗೆ ಹೊರಟ ನಮ್ಮ ನಾಡಿನ ರಸಿಕನು ವೇದಿಕೆಗೆ ಆದಷ್ಟು ಸಮೀಪವಾದ ಸ್ಥಳವನ್ನು ಬಯಸುವುದು ಸಹಜವೂ ಹೌದು, ನ್ಯಾಯವೂ ಹೌದು. ಗಾಯಕನೊಬ್ಬ, ಪಿಟೀಲೊಂದು, ಮೃದಂಗವೊಂದು, ಹಿಂದೆ ಮಿಡಿಯುವ ತಂಬೂರಿಯೊಂದು, ಇಷ್ಟೇ ಪರಿವಾರದ ಆ ಸಂಗೀತದಲ್ಲಿ ಒಂದು ಸ್ವರವು ಮತ್ತೊಂದರೊಳಕ್ಕೆ ಜಾರುವ ಗಮಕದ ನಯ, ತೊಡೆಯ ಮೇಲೆ ಬೀಳುವ ತಾಳ, ಪಕ್ಕವಾದ್ಯದವರು ಸೊಗಸಾದ ಉತ್ತರವೊಂದನ್ನು ಇತ್ತಾಗ ಗಾಯಕನ ಬಾಯಿಂದ ತಾನಾಗಿ ಹೊರಡುವ ‘ಭೇಷ್’ ಎಂಬ ಮೆಚ್ಚುಗೆ, ಇವೆಲ್ಲವೂ ಹತ್ತಿರ ಕುಳಿತವನ ಭಾಗ್ಯ. ಆದರೆ ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಪ್ರವಾಸಕ್ಕೋ ಯೂರೋಪಿಗೆ ಹೋದ ಕನ್ನಡಿಗನು ಇದೇ ಅಭ್ಯಾಸವನ್ನು ಜೊತೆಯಲ್ಲಿ ಕೊಂಡೊಯ್ದು ಅಲ್ಲಿನ ಸಿಂಫನಿ ಕಚೇರಿಗೂ ಮೊದಲ ಸಾಲಿನ ಟಿಕೀಟನ್ನೇ ಕೊಂಡನೆಂದರೆ, ಎಂಬತ್ತು ತೊಂಬತ್ತು ಮಂದಿ ಕೂಡಿ ನುಡಿಸುವ ಸಂಗೀತದಲ್ಲಿ ಅವನ ಪಾಲಿಗೆ ಬರುವುದು ಬಹುಮಟ್ಟಿಗೆ ಮುಂದೆ ಕುಳಿತ ಪಿಟೀಲುಗಳ ನಾದ ಮಾತ್ರ. ಅವುಗಳ ಮರೆಯಲ್ಲಿರುವ ಕೊಳಲು, ಓಬೋ, ಕ್ಲಾರಿನೆಟ್ಟುಗಳನ್ನು ಅವನು ಕಾಣಲಾರ, ಕೇಳುವುದೂ ಅರೆಬರೆಯಾಗಿಯೇ.

ಹಾಗಾದರೆ ಎಲ್ಲಿ ಕುಳಿತುಕೊಳ್ಳಬೇಕು? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲವೆಂಬುದನ್ನು ತಿಳಿಯುವುದೇ ಉತ್ತರದ ಅರ್ಧಭಾಗ. ಆಸನವನ್ನು ಆರಿಸುವುದೆಂಬುದು ಕಣ್ಣಿನ ಅನುಕೂಲವನ್ನೋ ಹಣದ ಪ್ರಮಾಣವನ್ನೋ ನೋಡಿ ಮುಗಿಸಿಬಿಡತಕ್ಕ ವ್ಯವಹಾರವಲ್ಲ. ಆ ಸಂಜೆ ಯಾವ ಕೃತಿಯನ್ನು ಕೇಳಲಿದ್ದೇವೆ, ಆ ಕೃತಿಯಲ್ಲಿ ಮುಖ್ಯವಾಗಿ ಏನನ್ನು ಕೇಳಬಯಸುತ್ತೇವೆ ಎಂಬುದನ್ನು ಕೇಳುವುದಕ್ಕೆ ಮುಂಚೆಯೇ ನಿಶ್ಚಯಿಸಿಕೊಳ್ಳುವ ಕಾರ್ಯ ಅದು. ಈ ಮಾತನ್ನು ಸ್ಪಷ್ಟಪಡಿಸಲು ಲೋಕಪ್ರಸಿದ್ಧವಾದ ಒಂದು ಸಭಾಂಗಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದು ಉಚಿತವೆಂದು ತೋರುತ್ತದೆ. ಅದು ಆಸ್ಟ್ರಿಯ ದೇಶದ ರಾಜಧಾನಿಯಾದ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಭವನದ ಮಹಾಸಭಾಂಗಣ. ಸ್ವರ್ಣಸಭಾಂಗಣವೆಂಬ ಹೆಸರಿನಿಂದಲೇ ಜನ ಅದನ್ನು ಹೆಚ್ಚಾಗಿ ಬಲ್ಲರು.

1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫನು ನಗರವನ್ನು ಸುತ್ತುವರಿದಿದ್ದ ಹಳೆಯ ಕೋಟೆಗೋಡೆಗಳನ್ನು ಕೆಡಹಲು ಆಜ್ಞಾಪಿಸಿದ ಮೇಲೆ, ತೆರವಾದ ವಿಶಾಲ ಭೂಮಿಯಲ್ಲಿ ವಿಯೆನ್ನಾದ ಹೊಸ ರಾಜಬೀದಿಯೂ ಅದರ ಆಸುಪಾಸಿನ ಭವ್ಯ ಸೌಧಗಳೂ ಎದ್ದುವು. 1812ರಲ್ಲಿ ಸ್ಥಾಪಿತವಾಗಿದ್ದ ಸಂಗೀತಮಿತ್ರರ ಸಂಘಕ್ಕೂ ಅದೇ ಪ್ರದೇಶದಲ್ಲಿ ಒಂದು ನಿವೇಶನ ದೊರೆಯಿತು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಥೆನ್ಸ್ ನಗರದಲ್ಲಿ ಗ್ರೀಕ್ ಶಿಲ್ಪವನ್ನು ಕಣ್ಣಾರೆ ಕಂಡು ಅಭ್ಯಾಸಮಾಡಿದ್ದ ಥಿಯೋಫಿಲ್ ಹಾನ್ಸೆನ್ ಎಂಬ ವಾಸ್ತುಶಿಲ್ಪಿ ಅಲ್ಲಿ ಕಟ್ಟಿದ ಭವನವು 1870ರ ಜನವರಿ 6ರಂದು ಉದ್ಘಾಟಿತವಾಯಿತು. ಬ್ರಾಮ್ಸ್ 1872ರಿಂದ 1875ರವರೆಗೆ ಈ ಸಂಘದ ಕಚೇರಿಗಳ ನಿರ್ದೇಶಕನಾಗಿದ್ದನು. ಬ್ರೂಕ್ನರ್ ಸಂಘದ ಸಂಗೀತಶಾಲೆಯಲ್ಲಿ ಅಧ್ಯಾಪಕನಾಗಿದ್ದನು. ಬ್ರಾಮ್ಸನ ಎರಡನೆಯ ಸಿಂಫನಿ 1877ರಲ್ಲಿ, ಬ್ರೂಕ್ನರನ ಎಂಟನೆಯದು 1892ರಲ್ಲಿ, ಮಾಲರನ ಒಂಬತ್ತನೆಯದು ಅವನು ತೀರಿಕೊಂಡ ಮರುವರ್ಷವಾದ 1912ರಲ್ಲಿ ಮೊತ್ತಮೊದಲು ಕೇಳಿಬಂದುದು ಈ ಗೋಡೆಗಳ ನಡುವೆಯೇ. ಆದಕಾರಣ ಇಲ್ಲಿ ಒಂದು ಆಸನವನ್ನು ಆರಿಸಿಕೊಳ್ಳುವವನು ಆ ಕೃತಿಗಳ ಜನ್ಮಸ್ಥಾನದಲ್ಲಿಯೇ ಅವುಗಳನ್ನು ಕೇಳುವ ಅವಕಾಶವನ್ನು ಪಡೆಯುತ್ತಾನೆ.

ಸಭಾಂಗಣದ ಆಕಾರ ಅತ್ಯಂತ ಸರಳವಾದದ್ದು. 48.80 ಮೀಟರು ಉದ್ದ, 19.10 ಮೀಟರು ಅಗಲ, 17.75 ಮೀಟರು ಎತ್ತರ. ಎತ್ತರಕ್ಕೂ ಅಗಲಕ್ಕೂ ಹೆಚ್ಚು ಅಂತರವಿಲ್ಲದ ಒಂದು ಉದ್ದನೆಯ ಪೆಟ್ಟಿಗೆಯೆಂದರೂ ಸಲ್ಲುತ್ತದೆ. ಆದರೆ ಆ ಪೆಟ್ಟಿಗೆಯ ಒಳಮೈ ಎಲ್ಲಿಯೂ ಬರಿದಾಗಿಲ್ಲ: ಇಕ್ಕೆಲದ ಗೋಡೆಗಳುದ್ದಕ್ಕೂ ಚಿನ್ನದ ಲೇಪವುಳ್ಳ ಸ್ತ್ರೀಪ್ರತಿಮೆಗಳು, ಮೇಲೆ ಕಿಟಕಿಗಳ ಸಾಲು, ಅಂಕಣಗಳಾಗಿ ವಿಂಗಡವಾದ ಚಾವಣಿ, ಅದರಲ್ಲಿ ಆಗಸ್ಟ್ ಐಸೆನ್‌ಮೆಂಗರ್ ಬರೆದ ಅಪೊಲೊ ದೇವನ ಮತ್ತು ಒಂಬತ್ತು ಕಲಾದೇವಿಯರ ಚಿತ್ರಗಳು. ಅಲಂಕಾರಕ್ಕೆಂದು ಮಾಡಿದ ಈ ಉಬ್ಬುತಗ್ಗುಗಳೆಲ್ಲ, ಶಿಲ್ಪಿಯು ಉದ್ದೇಶಿಸಿದ್ದನೋ ಇಲ್ಲವೋ, ಧ್ವನಿಯನ್ನು ಒಂದೇ ದಿಕ್ಕಿಗೆ ಎಸೆಯದೆ ನಾಲ್ಕೂ ಕಡೆಗೆ ಚೆದುರಿಸಿ ಹರಡುವ ಉಪಕಾರವನ್ನು ಮಾಡುತ್ತಲಿವೆ. ಸಭಾಂಗಣಗಳ ಧ್ವನಿಯನ್ನು ಲೆಕ್ಕಹಾಕುವ ಶಾಸ್ತ್ರವು 1870ರಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲವೆಂಬುದನ್ನು ನೆನೆದಾಗ ಹಾನ್ಸೆನ್ನನ ಸಿದ್ಧಿ ಮತ್ತಷ್ಟು ದೊಡ್ಡದಾಗಿ ಕಾಣುತ್ತದೆ.

ಆ ಶಾಸ್ತ್ರಕ್ಕೆ ಅಡಿಪಾಯ ಹಾಕಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೆಸ್ ಸಬೈನ್. ಮಾತು ಕಿವಿಗೆ ತಿಳಿಯದಷ್ಟು ಮೊಳಗುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವನ ಪಾಲಿಗೆ ಬಂದಿತು. ಸಮೀಪದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ರಾತ್ರಿಯ ಹೊತ್ತು ತರಿಸಿ, ಒಂದೊಂದಾಗಿ ಕೊಠಡಿಯಲ್ಲಿ ಹರಡಿ, ಧ್ವನಿಯು ಅಡಗುವುದಕ್ಕೆ ಹಿಡಿಯುವ ಕಾಲವನ್ನು ಅಳೆಯುತ್ತ ಹೋದ ಅವನು ಕಡೆಗೆ ಒಂದು ಸರಳ ನಿಯಮವನ್ನು ಕಂಡುಕೊಂಡನು: ಕೋಣೆಯ ಗಾತ್ರ ಹೆಚ್ಚಿದಷ್ಟೂ ಧ್ವನಿ ಹೆಚ್ಚು ಕಾಲ ಉಳಿಯುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ವಾದ್ಯವು ನಿಂತ ಮೇಲೆ ಅದರ ಧ್ವನಿಯ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ತಗಲುವ ಅವಧಿಗೆ ಅನುರಣನ ಕಾಲವೆಂದು ಹೆಸರು. ವಿಯೆನ್ನಾದ ಸಭಾಂಗಣದಲ್ಲಿ ಜನ ತುಂಬಿದ್ದಾಗ ಈ ಅವಧಿ ಸುಮಾರು 2 ಸೆಕೆಂಡು. ಖಾಲಿಯಾಗಿದ್ದಾಗ ಸುಮಾರು 3 ಸೆಕೆಂಡು. ಧ್ವನಿಯನ್ನು ಹೀರುವ ವಸ್ತುಗಳಲ್ಲಿ ಮುಖ್ಯವಾದದ್ದು ಬಟ್ಟೆ ತೊಟ್ಟ ಮನುಷ್ಯಶರೀರವಾದುದರಿಂದ, ಕೇಳಲು ಬಂದ ಪ್ರತಿಯೊಬ್ಬನೂ ತನಗೆ ಅರಿವಿಲ್ಲದೆಯೇ ಆ ಸಂಜೆಯ ನಾದವನ್ನು ತಿದ್ದುವ ಒಂದು ಸಾಧನವಾಗುತ್ತಾನೆ.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ಪರಿಶೀಲಿಸುವುದು ಒಳ್ಳೆಯದು. ಪಿಟೀಲು ಮರದಿಂದಾದುದು, ಆದುದರಿಂದ ಒಳ್ಳೆಯ ಸಭಾಂಗಣವೂ ಮರದಿಂದಲೇ ಆಗಿರಬೇಕೆಂದು ಅನೇಕರು ಹೇಳುವುದುಂಟು. ಜಗತ್ತಿನ ಸಭಾಂಗಣಗಳನ್ನು ಸುತ್ತಿ ಅಳೆದು, ಹೆಸರಾಂತ ಕಂಡಕ್ಟರುಗಳನ್ನೂ ವಿಮರ್ಶಕರನ್ನೂ ವಿಚಾರಿಸಿ, ವಿಯೆನ್ನಾ, ಬಾಸ್ಟನ್, ಆಮ್‌ಸ್ಟರ್‌ಡ್ಯಾಮ್ ಈ ಮೂರು ಊರುಗಳ ಸಭಾಂಗಣಗಳಿಗೆ ಅಗ್ರಸ್ಥಾನವಿತ್ತ ಧ್ವನಿಶಾಸ್ತ್ರಜ್ಞ ಲಿಯೊ ಬೆರಾನೆಕ್ ತೋರಿಸಿಕೊಟ್ಟಿರುವಂತೆ, ವಿಯೆನ್ನಾದ ಗೋಡೆಗಳು ಇಟ್ಟಿಗೆಯ ಮೇಲೆ ಗಾರೆ ಬಳಿದವು. ಮರದ ಪಾಲು ಅಲ್ಲಿ ಸ್ವಲ್ಪವೇ. ತೆಳುವಾದ ಮರದ ಹಲಗೆಗಳು ಮಂದ್ರಸ್ವರಗಳನ್ನು ಹೀರಿಬಿಡುತ್ತವೆ. ಭಾರವಾದ ಗಾರೆಗೋಡೆ ಅವನ್ನು ಕೇಳುವವರಿಗೆ ಹಿಂದಿರುಗಿಸುತ್ತದೆ. ಚೆಲ್ಲೊ ಮತ್ತು ಡಬಲ್ ಬಾಸುಗಳ ನಾದ ಅಲ್ಲಿ ತುಂಬಿ ಬರುವುದಕ್ಕೆ ಇದೊಂದು ಕಾರಣ.

ಇನ್ನು ಆಸನದ ವಿಚಾರಕ್ಕೆ ಮೂಲವಾದ ಸಂಗತಿಗೆ ಬರೋಣ. ವಾದ್ಯದಿಂದ ಹೊರಟ ಧ್ವನಿ ಎರಡು ಮಾರ್ಗಗಳಿಂದ ನಮ್ಮನ್ನು ಸೇರುತ್ತದೆ. ಮೊದಲನೆಯದು ನೇರವಾಗಿ ಬರತಕ್ಕದ್ದು; ಇದು ದೂರ ಹೆಚ್ಚಿದಂತೆಲ್ಲ ಬೇಗಬೇಗನೆ ಕ್ಷೀಣಿಸುತ್ತದೆ. ಎರಡನೆಯದು ಗೋಡೆ, ಚಾವಣಿ, ಬಾಲ್ಕನಿಗಳಿಗೆ ತಾಗಿ ಹಿಂದಿರುಗಿ ಬರತಕ್ಕದ್ದು. ಇದು ಸಭಾಂಗಣದಲ್ಲೆಲ್ಲ ಹೆಚ್ಚು ಕಡಮೆ ಸಮನಾಗಿ ಹರಡಿರುತ್ತದೆ. ಸುಮಾರು 15,000 ಘನಮೀಟರು ಗಾತ್ರವೂ 2 ಸೆಕೆಂಡಿನ ಅನುರಣನವೂ ಇರುವ ವಿಯೆನ್ನಾದ ಸಭಾಂಗಣದಲ್ಲಿ ಲೆಕ್ಕಹಾಕಿ ನೋಡಿದರೆ, ಒಂದು ವಾದ್ಯದಿಂದ ಸುಮಾರು 5 ಮೀಟರು ದೂರದಲ್ಲಿ ಇವೆರಡೂ ಸಮಬಲವಾಗುತ್ತವೆ. ಅದರಿಂದಾಚೆಗೆ ಕುಳಿತ ಪ್ರತಿಯೊಬ್ಬನನ್ನೂ ಮುಟ್ಟುವ ನಾದದಲ್ಲಿ ವಾದ್ಯದ ನೇರ ಪಾಲಿಗಿಂತ ಸಭಾಂಗಣದ ಪಾಲೇ ಅಧಿಕ. ಮೊದಲ ಕೆಲವು ಸಾಲುಗಳನ್ನು ಬಿಟ್ಟರೆ ಉಳಿದವರೆಲ್ಲ ಹಾನ್ಸೆನ್ನನ ಕಟ್ಟಡವನ್ನೇ ಒಂದು ವಾದ್ಯವಾಗಿ ಕೇಳುತ್ತಿದ್ದಾರೆಂಬುದು ಉತ್ಪ್ರೇಕ್ಷೆಯಲ್ಲ, ಗಣಿತದ ಮಾತು.

ಹೀಗೆ ಹಿಂದಿರುಗಿ ಬರುವ ಧ್ವನಿ ಹಿತವಾಗುವುದೂ ಅಹಿತವಾಗುವುದೂ ಅದು ಬರುವ ಹೊತ್ತನ್ನು ಅವಲಂಬಿಸಿದೆ. ನೇರ ಧ್ವನಿಯ ಹಿಂದೆಯೇ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಬಂದು ಸೇರಿದ ಪ್ರತಿಫಲನವನ್ನು ಕಿವಿ ಬೇರೆಯೆಂದು ಗುರುತಿಸದೆ ಮೂಲಧ್ವನಿಯಲ್ಲಿಯೇ ಕೂಡಿಸಿಕೊಂಡು, ಅದನ್ನು ಹೆಚ್ಚು ಪುಷ್ಟವಾದುದಾಗಿ ಅನುಭವಿಸುತ್ತದೆ. ವಿಯೆನ್ನಾದ ಸಭಾಂಗಣದ ನಡುವೆ, ವಾದ್ಯದಿಂದ 20 ಮೀಟರು ದೂರದಲ್ಲಿ ಕುಳಿತವನಿಗೆ ಪಕ್ಕದ ಗೋಡೆಗೆ ತಾಗಿ ಬರುವ ಧ್ವನಿಯು ನೇರ ಧ್ವನಿಗಿಂತ ಹೆಚ್ಚಾಗಿ ನಡೆಯುವ ದಾರಿ ಎಂಟು ಮೀಟರಿಗೂ ಕಡಮೆ. ಕಾಲದಲ್ಲಿ ಹೇಳುವುದಾದರೆ ಸೆಕೆಂಡಿನ ಸಾವಿರದ 22 ಭಾಗಗಳಷ್ಟು. ಅದೂ ಅಲ್ಲದೆ ಈ ಪ್ರತಿಫಲನಗಳು ಎಡದಿಂದಲೂ ಬಲದಿಂದಲೂ ಬರುವುವು. ಪಕ್ಕಗಳಿಂದ ಬೇಗನೆ ಬಂದ ಧ್ವನಿಯೇ ಶ್ರೋತೃವಿಗೆ ತಾನು ನಾದದ ಎದುರಿಗಲ್ಲ, ನಾದದ ಒಳಗೇ ಇದ್ದೇನೆಂಬ ಭಾವವನ್ನು ಕೊಡುವುದೆಂದು ಹೆರಾಲ್ಡ್ ಮಾರ್ಷಲ್, ಮೈಕೆಲ್ ಬ್ಯಾರನ್ ಮೊದಲಾದ ವಿದ್ವಾಂಸರು 1967ರಿಂದೀಚೆಗೆ ನಡೆಸಿದ ಪರಿಶೋಧನೆಗಳಿಂದ ಸ್ಪಷ್ಟವಾಗಿದೆ. ಕಿರಿದಾದ, ಎತ್ತರವಾದ, ಆಯತಾಕಾರದ ಹಳೆಯ ಸಭಾಂಗಣಗಳು ಇಂದಿಗೂ ಶ್ರೇಷ್ಠವೆನಿಸಿರುವುದರ ರಹಸ್ಯ ಇದೇ.

ಇದಕ್ಕೆ ವ್ಯತಿರೇಕವಾದ ನಿದರ್ಶನವನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಾಣಬಹುದು. ವಿಯೆನ್ನಾದ ಸಭಾಂಗಣಕ್ಕಿಂತ ಒಂದೇ ವರ್ಷ ಕಿರಿಯದಾದ, 1871ರ ಮಾರ್ಚ್ 29ರಂದು ಉದ್ಘಾಟಿತವಾದ ಈ ಭವನವು ಅಂಡಾಕಾರದ್ದು; ಐದು ಸಾವಿರಕ್ಕೂ ಮೀರಿದ ಜನಕ್ಕೆ ಸ್ಥಳವುಳ್ಳದ್ದು; ಅದರ ಗುಮ್ಮಟ ಸುಮಾರು 40 ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಹೋಗಿ ಹಿಂದಿರುಗುವ ಧ್ವನಿ ನೇರ ಧ್ವನಿಗಿಂತ ಸೆಕೆಂಡಿನ ಆರನೆಯ ಒಂದು ಭಾಗದಷ್ಟು ತಡವಾಗಿ ಬರುವುದರಿಂದ ಕಿವಿ ಅದನ್ನು ಮೂಲದೊಡನೆ ಬೆರೆಸಲಾರದೆ ಎರಡನೆಯ ಧ್ವನಿಯಾಗಿಯೇ ಕೇಳುತ್ತದೆ. ಉದ್ಘಾಟನೆಯ ದಿನವೇ ಪ್ರಕಟವಾದ ಈ ದೋಷವು, 1969ರಲ್ಲಿ ಅಣಬೆಯಾಕಾರದ ದೊಡ್ಡ ತಟ್ಟೆಗಳನ್ನು ಚಾವಣಿಯಿಂದ ತೂಗುಬಿಟ್ಟು ಧ್ವನಿಯನ್ನು ನಡುದಾರಿಯಲ್ಲಿಯೇ ಚೆದುರಿಸುವವರೆಗೆ, ಶ್ರೋತೃಗಳನ್ನು ಸುಮಾರು ನೂರು ವರ್ಷ ಕಾಡಿತು.

ಆ ಭವನಕ್ಕೂ ನಮ್ಮ ಮೈಸೂರಿಗೂ ಒಂದು ಗೌರವಾರ್ಹವಾದ ಸಂಬಂಧವುಂಟು. ಪಾಶ್ಚಾತ್ಯ ಸಂಗೀತದಲ್ಲಿ ಗಾಢವಾದ ವಿದ್ವತ್ತನ್ನು ಪಡೆದಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಲಂಡನ್ನಿನ ಫಿಲ್ಹಾರ್ಮೋನಿಯ ಕಚೇರಿ ಸಂಘದ ಪ್ರಥಮಾಧ್ಯಕ್ಷರಾಗಿದ್ದರು. ಜರ್ಮನಿಯ ಮಹಾಕಲಾವಿದ ರಿಚರ್ಡ್ ಸ್ಟ್ರಾಸ್ ತನ್ನ ಜೀವಿತದ ಸಂಧ್ಯಾಕಾಲದಲ್ಲಿ ರಚಿಸಿದ ನಾಲ್ಕು ಕೊನೆಯ ಹಾಡುಗಳು ಅವನ ಮರಣಾನಂತರ, 1950ರ ಮೇ 22ರಂದು, ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಎಂಬ ಗಾಯಕಿಯ ಕಂಠದಲ್ಲಿ, ಫುರ್ಟ್‌ವೆಂಗ್ಲರನ ನೇತೃತ್ವದಲ್ಲಿ ಪ್ರಥಮತಃ ಕೇಳಿಬಂದುದು ಮಹಾರಾಜರ ಧನಸಹಾಯದಿಂದ. ಅವರಿಗೆ ಅಲ್ಲಿ ಸ್ವತಃ ಉಪಸ್ಥಿತರಾಗಲು ಸಾಧ್ಯವಾಗಲಿಲ್ಲ. ಕಚೇರಿಯ ಧ್ವನಿಮುದ್ರಿಕೆ ಮೈಸೂರಿಗೆ ಬಂದಿತು. ಈ ಪ್ರಸಂಗವನ್ನು ನಾನು ಹೇಳಿದುದು ಅಭಿಮಾನಕ್ಕಾಗಿ ಮಾತ್ರವಲ್ಲ. ಮುದ್ರಿಕೆಯನ್ನು ಕೇಳುವವನು, ಅವನು ಅರಸನೇ ಆಗಿರಲಿ, ಮೈಕನ್ನು ಇಟ್ಟವನು ಆರಿಸಿದ ಒಂದೇ ಸ್ಥಾನದಿಂದ ಕೇಳಬೇಕಾಗುತ್ತದೆ. ಸಭಾಂಗಣಕ್ಕೆ ಹೋದವನಿಗೆ ಮಾತ್ರ ತನ್ನ ಸ್ಥಾನವನ್ನು ತಾನೇ ನಿರ್ಣಯಿಸುವ ಸ್ವಾತಂತ್ರ್ಯವುಂಟು. ಆ ಸ್ವಾತಂತ್ರ್ಯವನ್ನು ವಿವೇಕದಿಂದ ಉಪಯೋಗಿಸಿಕೊಳ್ಳುವುದು ಹೇಗೆಂಬುದೇ ಈಗ ನಮ್ಮ ಮುಂದಿರುವ ವಿಷಯ.

ವಿಯೆನ್ನಾದ ಸಭಾಂಗಣದಲ್ಲಿ 1,744 ಆಸನಗಳೂ, ನಿಂತು ಕೇಳುವ ಸುಮಾರು 300 ಸ್ಥಾನಗಳೂ ಇವೆ. ಅಲ್ಲಿ ಪಾರ್ಟೆರ್ ಎಂದು ಕರೆಯುವ ನೆಲಮಟ್ಟದ ಆಸನಗಳು ಮೊದಲನೆಯವು. ನರ್ತನೋತ್ಸವಗಳಿಗೂ ಬಳಕೆಯಾಗುವ ಆ ನೆಲ ಸಮತಟ್ಟಾದದ್ದು. ಹಿಂದೆ ಹಿಂದೆ ಹೋದಂತೆ ಮುಂದಿನವರ ತಲೆಗಳು ದೃಷ್ಟಿಗೆ ಅಡ್ಡಬರುವುದು ಅನಿವಾರ್ಯ. ತಲೆಗಳ ಸಾಲುಗಳ ಮೇಲೆ ಸವರಿಕೊಂಡು ಬರುವ ನೇರ ಧ್ವನಿ ತನ್ನ ಮಂದ್ರಾಂಶದಲ್ಲಿ ಸ್ವಲ್ಪವನ್ನು ಕಳೆದುಕೊಳ್ಳುವುದೂ ಉಂಟು; ಆದರೆ ಪಕ್ಕದ ಗೋಡೆಗಳೂ ಚಾವಣಿಯೂ ಆ ನಷ್ಟವನ್ನು ತುಂಬಿಕೊಡುತ್ತವೆ. ಪಾರ್ಟೆರಿನ ಮುಂಸಾಲುಗಳಲ್ಲಿ ಪಿಟೀಲಿನ ಕಮಾನು ತಂತಿಯನ್ನು ಕಚ್ಚುವ ಸದ್ದು ಕೂಡ ಕೇಳಿಬರುವುದು, ವೃಂದದ ಸಮತೋಲ ಮಾತ್ರ ಕೇಳಿಬಾರದು. ಮಧ್ಯದ ಸಾಲುಗಳಿಗೆ ಬಂದಾಗ ಸ್ಪಷ್ಟತೆ ಪುಷ್ಟಿಗಳೆರಡೂ ಒಂದನ್ನೊಂದು ಮೀರದೆ ನಿಲ್ಲುತ್ತವೆ. ಮೊದಲ ಬಾರಿಗೆ ಹೋಗುವವನು, ಹಣ ಅನುಕೂಲಿಸಿದರೆ, ಇಲ್ಲಿ ಕುಳಿತುಕೊಳ್ಳುವುದು ಕ್ಷೇಮ.

ಪಾರ್ಟೆರಿನ ಇಕ್ಕೆಲಗಳಲ್ಲಿ, ನೆಲಕ್ಕಿಂತ ತುಸು ಎತ್ತರದಲ್ಲಿ, ಗೋಡೆಗೆ ಹೊಂದಿದಂತೆ ಲಾಜ್ ಎನ್ನುವ ಪಕ್ಕದ ಆಸನಗಳಿವೆ. ಚಿನ್ನದ ಸ್ತ್ರೀಪ್ರತಿಮೆಗಳು ಮೊದಲು ಮೇಲಿನ ಬಾಲ್ಕನಿಯನ್ನು ಹೊತ್ತು ನಿಂತಂತೆ ಈ ಆಸನಗಳ ಮುಂದೆ ಇದ್ದುವು. 1911ರ ನವೀಕರಣದಲ್ಲಿ ಅವನ್ನು ಹಿಂದಿನ ಗೋಡೆಗೆ ಸರಿಸಿದುದರಿಂದ ನೋಟ ಬಿಡುವಾಯಿತು. ಇವುಗಳ ಮೇಲಿನ ಪಕ್ಕದ ಬಾಲ್ಕನಿಯಲ್ಲಿ ಮೊದಲ ಸಾಲು ಬಹಳ ಒಳ್ಳೆಯದು. ಎರಡನೆಯ ಮೂರನೆಯ ಸಾಲಿನವರು ಕತ್ತನ್ನು ಎಷ್ಟು ಚಾಚಿದರೂ ವೇದಿಕೆಯ ಒಂದು ಭಾಗವನ್ನು ಮಾತ್ರ ಕಾಣಬಲ್ಲರು. ಕಣ್ಣಿಗೆ ಹೀಗೆ ಕೊರತೆಯಾದರೂ ಕಿವಿಗೆ ಹೆಚ್ಚಿನ ಕೊರತೆಯಿಲ್ಲವೆಂಬುದನ್ನು ಬಲ್ಲ ಸ್ಥಳೀಯ ರಸಿಕರು ಕಡಮೆ ಬೆಲೆಯ ಈ ಆಸನಗಳನ್ನು ಬೇಕೆಂದೇ ಕೊಳ್ಳುವುದುಂಟು. ಎಡಪಕ್ಕವನ್ನು ಆರಿಸಿದರೆ ಮೊದಲ ಪಿಟೀಲುಗಳು ಕೆಳಗೇ ಇರುವುದರಿಂದ ದೂರದ ಚೆಲ್ಲೊಗಳು ಎದುರಾಗುತ್ತವೆ. ಬಲಪಕ್ಕದಿಂದ ಮೊದಲ ಪಿಟೀಲುಗಳೇ ಎದುರು. ಪಿಯಾನೊ ಪ್ರಧಾನವಾದ ಕೃತಿಯಿದ್ದರೆ, ವಾದಕನ ಕೈಬೆರಳುಗಳನ್ನು ಕಾಣಬೇಕೆನ್ನುವವನು ಎಡಕ್ಕೂ, ಎತ್ತಿದ ಮುಚ್ಚಳದಿಂದ ಹೊಮ್ಮುವ ನಾದವೇ ಮುಖ್ಯವೆನ್ನುವವನು ನಡುವಿಗೋ ತುಸು ಬಲಕ್ಕೋ ಹೋಗಬೇಕು.

ವೇದಿಕೆಗೆ ಎದುರಾಗಿ ಹಿಂಬದಿಯಲ್ಲಿರುವ ಬಾಲ್ಕನಿಯ ಮಧ್ಯಭಾಗವೂ ಅದಕ್ಕಿಂತ ಮೇಲಿರುವ ಗ್ಯಾಲರಿಯೂ ಇನ್ನೊಂದು ಬಗೆಯ ಅನುಭವವನ್ನು ಕೊಡುತ್ತವೆ. ಅಲ್ಲಿಂದ ವೃಂದವೆಲ್ಲ ಒಂದು ನಕ್ಷೆಯಂತೆ ಕೆಳಗೆ ಹರಡಿರುವುದು ಕಾಣುತ್ತದೆ. ಯಾವ ತಲೆಯೂ ಅಡ್ಡವಿಲ್ಲದ ಕಾರಣ ನೇರ ಧ್ವನಿ ತನ್ನ ಮಂದ್ರವನ್ನು ಕಳೆದುಕೊಳ್ಳದೆ ಬರುತ್ತದೆ. ಚಾವಣಿಯ ಸಾಮೀಪ್ಯದಿಂದ ಪ್ರತಿಫಲನಗಳು ಸಮೃದ್ಧವಾಗುತ್ತವೆ. ಬಿಡಿಬಿಡಿಯಾದ ವಾದ್ಯಗಳ ಮೈಕಟ್ಟು ಇಲ್ಲಿ ಮಸುಕಾಗುವುದೇನೋ ನಿಜ. ಆದರೆ ಅವೆಲ್ಲ ಬೆರೆತು ಒಂದಾದ ನಾದ, ಸಿಂಫನಿಯನ್ನು ರಚಿಸಿದವನ ಮನಸ್ಸಿನಲ್ಲಿದ್ದುದಕ್ಕೆ ಸಮೀಪವಾದದ್ದೆಂದು ನನ್ನ ಭಾವನೆ. ಬಾಲ್ಕನಿಯ ಮಧ್ಯದ ಮುಂಸಾಲು ದೊರೆತವನು ಅದನ್ನು ಬಿಟ್ಟು ಪಾರ್ಟೆರನ್ನು ಬಯಸಬೇಕಾದ್ದಿಲ್ಲ.

ವೃಂದದ ಹಿಂದೆ, ಆರ್ಗನ್ ವಾದ್ಯದ ಇಕ್ಕೆಲಗಳಲ್ಲಿ ಇರುವ ಆಸನಗಳು ಸಂಗೀತದ ವಿದ್ಯಾರ್ಥಿಗೆ ಒಂದು ಪಾಠಶಾಲೆ. ಉಳಿದವರಿಗೆಲ್ಲ ಬೆನ್ನು ತೋರಿಸಿ ನಿಂತ ಕಂಡಕ್ಟರನ ಮುಖ ಇವರಿಗೆ ಎದುರು: ಯಾವ ವಾದ್ಯಕ್ಕೆ ಯಾವ ಕ್ಷಣದಲ್ಲಿ ಕಣ್ಸನ್ನೆ ಹೋಯಿತು, ಎಡಗೈ ಯಾವ ಸ್ವರವನ್ನು ತಗ್ಗಿಸಿತು ಎಂಬುದನ್ನೆಲ್ಲ ಇಲ್ಲಿಂದ ಓದಬಹುದು. ಆದರೆ ಸಮತೋಲ ಇಲ್ಲಿ ತಲೆಕೆಳಗು; ನಗಾರಿಯಂಥ ಟಿಂಪನಿಗಳೂ ಟ್ರಾಂಬೋನುಗಳೂ ಹತ್ತಿರ, ಪಿಟೀಲುಗಳು ದೂರ. ಹಾರ್ನ್ ವಾದ್ಯದ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಅದರ ನಾದ ನೇರವಾಗಿ ಇವರ ಮೇಲೆಯೇ ಬರುತ್ತದೆ. ವಿಯೆನ್ನಾ ಫಿಲ್ಹಾರ್ಮೋನಿಕ್ ವೃಂದದವರು ಡಬಲ್ ಬಾಸುಗಳನ್ನು ವೇದಿಕೆಯ ಕಟ್ಟಕಡೆಯಲ್ಲಿ ಒಂದೇ ಸಾಲಾಗಿ ನಿಲ್ಲಿಸುವ ಪದ್ಧತಿಯನ್ನು ಇಟ್ಟುಕೊಂಡಿರುವುದರಿಂದ ಅವೂ ಇವರ ನೆರೆಯವೇ. ಗಾಯನವಿರುವ ಸಂಜೆ ಮಾತ್ರ ಈ ಕಡೆ ಸುಳಿಯಬಾರದು. ಮನುಷ್ಯಕಂಠದ ತೇಜಸ್ಸೆಲ್ಲ ಮುಂದಕ್ಕೇ ಪ್ರಸರಿಸತಕ್ಕದ್ದು, ಹಿಂದಿರುವವನಿಗೆ ಅಕ್ಷರಗಳೇ ಅಳಿಸಿಹೋಗುತ್ತವೆ.

ಪಾರ್ಟೆರಿನ ಹಿಂದೆ, ಬಾಲ್ಕನಿಯ ಅಡಿಯಲ್ಲಿ, ನಿಂತು ಕೇಳುವವರ ಸ್ಥಳ. ಮೇಲಿನ ಬಾಲ್ಕನಿ ಚಾವಣಿಯಿಂದ ಬರುವ ಪ್ರತಿಫಲನಗಳನ್ನು ತಡೆಯುವುದರಿಂದ ತೀರ ಹಿಂದೆ ನಿಂತವನಿಗೆ ನಾದ ಸ್ವಲ್ಪ ಸೊರಗಿ ಬರುತ್ತದೆ; ಮುಂದಿನ ಕಂಬಿಯ ಬಳಿ ನಿಂತವನಿಗೆ ಈ ನಷ್ಟ ಕಡಮೆ. ಅಲ್ಪವಾದ ಬೆಲೆಗೆ ದೊರೆಯುವ ಈ ಸ್ಥಾನಗಳಲ್ಲಿ ವಿದ್ಯಾರ್ಥಿಗಳೂ ಬಡ ರಸಿಕರೂ ಗಂಟೆಗಟ್ಟಲೆ ನಿಂತು ಕೇಳುತ್ತ ಬಂದಿದ್ದಾರೆ. ಕಲೆಯ ಮಂದಿರವೊಂದು ಇಂಥವರಿಗೆ ಬಾಗಿಲನ್ನು ತೆರೆದಿಟ್ಟಿರುವುದು, ಅದರ ಚಿನ್ನದ ಲೇಪಕ್ಕಿಂತ ಹೆಚ್ಚಿನ ಶೋಭೆಯೆಂದು ನಾನು ಎಣಿಸುತ್ತೇನೆ.

ಸ್ಥಾನಗಳ ಗುಣ ಹೀಗೆ ತಿಳಿದ ಮೇಲೆ ಕೃತಿಯ ಗುಣವನ್ನು ಅದರೊಡನೆ ಹೊಂದಿಸುವುದು ಉಳಿಯುತ್ತದೆ. ಹೈಡನ್, ಮೊಜಾರ್ಟರ ಸಿಂಫನಿಗಳು ಚಿಕ್ಕ ವೃಂದಕ್ಕೆಂದು ರಚಿತವಾದವು. ಅವುಗಳ ಸೊಗಸು ವಾದ್ಯದಿಂದ ವಾದ್ಯಕ್ಕೆ ಹಾರುವ ಚುರುಕಾದ ಸಂಭಾಷಣೆಯಲ್ಲಿದೆ. ಹತ್ತಿರ ಬಂದು ಪಾರ್ಟೆರಿನ ಮುಂಭಾಗದ ನಡುವೆ ಕುಳಿತರೆ ಆ ಮಾತುಗಳು ಒಂದೂ ಕಳೆದುಹೋಗವು. ಬ್ರೂಕ್ನರನು ಆರ್ಗನ್ ವಾದಕನಾಗಿ ದೇವಾಲಯಗಳ ಅನುರಣನದಲ್ಲಿ ಬೆಳೆದವನು. ಹಿತ್ತಾಳೆ ವಾದ್ಯಗಳ ಮಹಾಘೋಷವನ್ನು ಏರಿಸಿ ಥಟ್ಟನೆ ನಿಲ್ಲಿಸಿ, ಆ ಘೋಷದ ಉಳಿಕೆ ನಿಶ್ಶಬ್ದವನ್ನು ತುಂಬುವವರೆಗೆ ಕಾಯುವುದು ಅವನ ರಚನಾಕ್ರಮ. ಆ ನಿಶ್ಶಬ್ದವೂ ಕೃತಿಯ ಅಂಗವಾದುದರಿಂದ ಅವನನ್ನು ಕೇಳುವವನು ದೂರಕ್ಕೆ, ಬಾಲ್ಕನಿಗೋ ಗ್ಯಾಲರಿಗೋ ಏರಬೇಕು. ಮಾಲರನ ಬೃಹತ್ ವೃಂದಗಳಿಗೂ ಇದೇ ಮಾತು. ಈ ಸಭಾಂಗಣ ಅಷ್ಟೇನೂ ದೊಡ್ಡದಲ್ಲವಾದುದರಿಂದ ಹತ್ತಿರ ಕುಳಿತವನನ್ನು ಅವನ ಘೋಷ ಕಂಗೆಡಿಸಬಹುದು.

ಪಿಟೀಲುಗಳ ವ್ಯವಸ್ಥೆಯನ್ನೂ ಗಮನಿಸತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲ ಪಿಟೀಲುಗಳು ಎಡಕ್ಕೂ ಎರಡನೆಯವು ಬಲಕ್ಕೂ ಎದುರುಬದುರಾಗಿ ಕುಳಿತುಕೊಳ್ಳುವುದು ಸಾಮಾನ್ಯವಾಗಿದ್ದಿತು. ಈಚೆಗೆ ಹಲವು ಕಂಡಕ್ಟರುಗಳು ಆ ಪದ್ಧತಿಗೆ ಮರಳಿದ್ದಾರೆ. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ ಅಂತಿಮ ಭಾಗದ ಆರಂಭದಲ್ಲಿ ರಾಗದ ಒಂದೊಂದು ಸ್ವರವೂ ಸರದಿಯಂತೆ ಮೊದಲ ಮತ್ತು ಎರಡನೆಯ ಪಿಟೀಲುಗಳಿಗೆ ಹಂಚಿದೆ. ಯಾವ ಗುಂಪೂ ಆ ರಾಗವನ್ನು ಪೂರ್ಣವಾಗಿ ನುಡಿಸುವುದಿಲ್ಲ, ಅದು ಕೂಡಿಬರುವುದು ಕೇಳುವವನ ಕಿವಿಯಲ್ಲಿ. ಮಾಲರನ ಒಂಬತ್ತನೆಯದರಲ್ಲಿ ಮುಖ್ಯರಾಗವನ್ನು ಎತ್ತಿಕೊಳ್ಳುವ ಗೌರವ ಎರಡನೆಯ ಪಿಟೀಲುಗಳದು. ಇಂಥ ಸಂಜೆಗಳಲ್ಲಿ ಪಕ್ಕದ ಆಸನವನ್ನು ಬಿಟ್ಟು ಮಧ್ಯರೇಖೆಯ ಸಮೀಪದಲ್ಲಿ ಕುಳಿತವನಿಗೆ ಎರಡು ದಡಗಳ ನಡುವಣ ಈ ವಿನಿಮಯ ಸ್ವಚ್ಛವಾಗಿ ಗೋಚರಿಸುತ್ತದೆ.

ಹಾಗೆಂದು ಕಣ್ಣಿನ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. ಕಣ್ಣು ಕಿವಿಗೆ ದಾರಿ ತೋರಿಸುತ್ತದೆ: ಓಬೋ ವಾದಕನು ವಾದ್ಯವನ್ನು ತುಟಿಗೆ ಎತ್ತಿದುದನ್ನು ಕಂಡವನು, ಅದುವರೆಗೆ ತನ್ನ ಗಮನಕ್ಕೆ ಬಾರದಿದ್ದ ಆ ಎಳೆಯನ್ನು ನೂರು ಎಳೆಗಳ ನಡುವೆಯೂ ಹಿಡಿಯುತ್ತಾನೆ. ಕೃತಿಯ ಪರಿಚಯವಿಲ್ಲದವನು ಚೆನ್ನಾಗಿ ಕಾಣುವ ಸ್ಥಳವನ್ನೇ ಆರಿಸಿಕೊಳ್ಳಲಿ. ಪರಿಚಯ ಬೆಳೆದಂತೆ ಕಣ್ಣಿನ ಊರುಗೋಲನ್ನು ಬಿಡುವುದು ತಾನಾಗಿ ಸಾಧ್ಯವಾಗುತ್ತದೆ. ಟಿಕೀಟಿನ ಬೆಲೆಗಳು ಮುಖ್ಯವಾಗಿ ನೋಟವನ್ನೂ ಪ್ರತಿಷ್ಠೆಯನ್ನೂ ಅನುಸರಿಸಿ ಗೊತ್ತಾದವು, ಕಿವಿಯ ಬೆಲೆಪಟ್ಟಿ ಬೇರೆಯೇ ಉಂಟು ಎಂಬುದನ್ನು ತಿಳಿದವನಿಗೆ ಕಡಮೆ ಹಣದಲ್ಲಿ ಹೆಚ್ಚು ಸಂಗೀತ ದೊರೆಯುತ್ತದೆ.

ವಿಯೆನ್ನಾ ಫಿಲ್ಹಾರ್ಮೋನಿಕ್ ವೃಂದದ ಸ್ವಂತ ಕಚೇರಿಗಳ ಚಂದಾದಾರರಾಗಲು ವರ್ಷಗಟ್ಟಲೆ ಕಾಯಬೇಕು. ಹೊಸ ವರ್ಷದ ದಿನದ ಕಚೇರಿಗೆ ಟಿಕೀಟು ದೊರೆಯುವುದು ಅದೃಷ್ಟದ ಚೀಟಿಯಿಂದ. ಆದರೆ ಅದೇ ಸಭಾಂಗಣದಲ್ಲಿ ವಿಯೆನ್ನಾ ಸಿಂಫನಿ ವೃಂದವೂ ಪರದೇಶಗಳಿಂದ ಬರುವ ಶ್ರೇಷ್ಠ ವೃಂದಗಳೂ ನುಡಿಸುತ್ತವೆ. ಅವುಗಳಿಗೆ ಮುಂಚಿತವಾಗಿ ಯತ್ನಿಸಿದವನಿಗೆ ಆರಿಸಿಕೊಳ್ಳುವ ಅವಕಾಶವಿದ್ದೇ ಇರುತ್ತದೆ. ಚಳಿಗಾಲದಲ್ಲಿ ಹೋದವನು ಅಲ್ಲಿಯ ಪದ್ಧತಿಯಂತೆ ದಪ್ಪ ಕೋಟನ್ನು ಹೊರಗಿನ ಉಡುಪುಕೋಣೆಯಲ್ಲಿ ಒಪ್ಪಿಸಿ ಒಳಹೋಗಬೇಕು. ಅದು ನೆರೆಯವರಿಗೆ ಅನುಕೂಲ, ಸಬೈನನ ಲೆಕ್ಕದ ಪ್ರಕಾರ ನಾದಕ್ಕೂ ಅನುಕೂಲ.

ಆದುದರಿಂದ ಈ ಕ್ರಮವನ್ನು ಅನುಸರಿಸಬೇಕೆಂದು ವಾಚಕರಲ್ಲಿ ನನ್ನ ಬಿನ್ನಹ. ಆಸನಗಳ ನಕ್ಷೆಯನ್ನು ಬಿಡಿಸುವುದಕ್ಕೆ ಮುಂಚೆ ಕಾರ್ಯಕ್ರಮದ ಹಾಳೆಯನ್ನು ಓದಬೇಕು. ಕೃತಿಯ ಮುದ್ರಿಕೆಯೊಂದನ್ನು ಮನೆಯಲ್ಲಿ ಕೇಳಿ, ಅದರಲ್ಲಿ ತನ್ನನ್ನು ಸೆಳೆದುದು ವಿವರವೋ ಸಮಗ್ರತೆಯೋ, ಕಂಠವೋ ವಾದ್ಯವೋ, ಮಾತಿನ ಚುರುಕೋ ಘೋಷದ ಗಾಂಭೀರ್ಯವೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಸ್ಥಾನವನ್ನು ಗುರುತಿಸಬೇಕು. ಸಾಧ್ಯವಾದರೆ ಒಂದೇ ಕೃತಿಯನ್ನು ಒಮ್ಮೆ ಕೆಳಗಿನಿಂದಲೂ ಮತ್ತೊಮ್ಮೆ ಮೇಲಿನಿಂದಲೂ ಕೇಳಬೇಕು. ಒಂದು ಸಿಂಫನಿಯ ಸರ್ವಸ್ವವನ್ನೂ ಕೊಡಬಲ್ಲ ಆಸನ ಯಾವ ಸಭಾಂಗಣದಲ್ಲಿಯೂ ಇಲ್ಲ, ಚಕ್ರವರ್ತಿಗೆಂದು ಮೀಸಲಿಟ್ಟುದೂ ಅಂಥದಲ್ಲ. ಇಷ್ಟನ್ನು ವಿಚಾರಮಾಡಿ ಆರಿಸಿದವನಿಗೆ ಕೈಯಲ್ಲಿರುವ ಟಿಕೀಟು ಅಗ್ಗದ್ದಾದರೂ ಕೊರತೆಯೆನಿಸದು. ತಾನು ಏನನ್ನು ಕೇಳಲು ಬಂದೆನೆಂಬುದನ್ನು ಅವನು ಬಲ್ಲನಾದುದರಿಂದ, ಕಂಡಕ್ಟರನು ಕೋಲನ್ನು ಎತ್ತುವ ಹೊತ್ತಿಗೆ ಅವನ ಕಿವಿ ಸಿದ್ಧವಾಗಿರುತ್ತದೆ.